ಮಂಚದಡಿಯ ಸಾಲು, ಬೀರುವಿನ ಸಾಲು

ಚರ್ಚಿನ ಆರ್ಗನ್ ಬಿಚ್ಚಿದ ದಿನ ನಮ್ಮ ಚಿಕ್ಕಪ್ಪ ಅದರ ಸ್ವರದ ಕೊಳವೆಗಳಿಗೆ ಯಾವುದು ಎಲ್ಲಿಯದೆಂದು ಗುರುತು ಹಾಕಲಿಲ್ಲ. “ವಯಸ್ಸಿಗೆ ಬಂದಾಗ್ನಿಂದ ಇದರ ರಿಪೇರೀನೇ ಮಾಡ್ಕೊಂಡು ಬಂದಿದೀನಿ. ಎಲ್ಲಾ ತಲೇಲಿದೆ” ಅಂದರು. ಇಲಿ ಕಡಿದ ತಿದಿಗೆ ಹೊಸ ಚರ್ಮ, ಗೆದ್ದಲು ತಿಂದ ಪೆಟ್ಟಿಗೆಗೆ ಹೊಸ ಹಲಗೆ ಹಾಕಿ ಆರೇ ತಿಂಗಳಲ್ಲಿ ಮತ್ತೆ ನಿಲ್ಲಿಸುವ ಮಾತು. ಆದರೆ ಸಮಿತಿಯವರು ಸೋರುವ ಸೂರು ಮೊದಲು, ಸ್ವರ ಆಮೇಲೆ ಎಂದರು. ವರ್ಷಗಳೇ ಉರುಳಿದವು. ಅಷ್ಟೂ ಕಾಲ ಕೊಳವೆಗಳು ಚಿಕ್ಕಪ್ಪನ ಮನೆಯಲ್ಲೇ ಝಂಡಾ ಊರಿದವು.

ಮುಂದಿನ ಸಾಲಿನವು ಮಂಚದಡಿ, ಹಿಂದಿನ ಸಾಲಿನವು ಬೀರುವಿನ ಮೇಲೆ. ಬಾಗಿಲ ಹಿಂದಿನ ದೊಡ್ಡದರ ಮೇಲೆ ಚಿಕ್ಕಮ್ಮ ಒದ್ದೆ ಟವೆಲು ಹರವುತ್ತಿದ್ದರು. ನಾನಂತೂ ಹೋದಾಗಲೆಲ್ಲ ಯಾವುದಾದರೊಂದಕ್ಕೆ ಮೊಣಕಾಲು ತಗುಲಿಸಿಕೊಂಡು ಬರುತ್ತಿದ್ದೆ. ಸಂಗೀತ ನನ್ನನ್ನು ತಟ್ಟಿದ್ದು ಅಷ್ಟೇ.

ಕೊನೆಗೂ ಸಮಿತಿಯಿಂದ ಕರೆ ಬರುವ ಹೊತ್ತಿಗೆ ಚಿಕ್ಕಪ್ಪನಿಗೆ ಮರೆವು ಹಿಡಿದಿತ್ತು. ಸ್ನಾನ ಮುಗಿಸಿ ಬಂದವರು ಮತ್ತೆ ಬಚ್ಚಲಿಗೆ ಹೊರಟದ್ದನ್ನು ನಾವು ನಕ್ಕು ತೇಲಿಸಿದ್ದೆವು. ಚರ್ಚಿನಲ್ಲಿ ಒಂದೇ ಉದ್ದದ ಎರಡು ಕೊಳವೆ ಹಿಡಿದು ಅವರು ಯಾವುದು ಎಲ್ಲಿಗೆಂದು ತೋಚದೆ ನಿಂತಾಗ ಮಾತ್ರ ನಗು ಬರಲಿಲ್ಲ.

“ಗೊತ್ತಾಗ್ತಿಲ್ವೇನ್ರೀ?” ಚಿಕ್ಕಮ್ಮ ಹತ್ತಿರ ಬಂದು ಕೇಳಿದರು.

“ಮೆಲ್ಲಗೆ ಮಾತಾಡೇ. ಸಮಿತಿಯವರ ಕಿವಿಗೆ ಬಿದ್ರೆ ಬೇರೆಯವರನ್ನ ಕರೆಸ್ತಾರೆ. ಇದೊಂದನ್ನ ನಾನೇ ನಿಲ್ಲಿಸ್ಬೇಕು.”

ಚಿಕ್ಕಮ್ಮ ಕೊಳವೆ ತಿರುಗಿಸಿ ನೋಡಿದರು. “ಇದು ಮಂಚದಡೀದು. ಪೊರಕೆ ತಗುಲಿ ಸವೆದಿದೆ ನೋಡಿ.”

“ಮಂಚದಡಿ ಅಂದ್ರೆ ಮುಂದಿನ ಸಾಲು” ಎಂದರು ಚಿಕ್ಕಪ್ಪ ತಟ್ಟನೆ. ಆರ್ಗನ್ ಮರೆತಿತ್ತು, ಮನೆ ಮರೆತಿರಲಿಲ್ಲ. ಅಲ್ಲಿಂದ ಚಿಕ್ಕಮ್ಮ ಇಷ್ಟು ವರ್ಷ ಕಸ ಗುಡಿಸುತ್ತ ಒಂದೊಂದನ್ನೇ ಬೈದುಕೊಂಡ ಕ್ರಮದಲ್ಲೇ ಸಾಲುಗಳು ಎದ್ದು ನಿಂತವು.

ಕಟ್ಟಕಡೆಗೆ ಎರಡು ಕೊಳವೆ, ಸಾಲಿಗೊಂದರಂತೆ ಎರಡು ತೂತು ಉಳಿದವು. ಅವನ್ನು ಸುಣ್ಣ ಬಳಿಸುವಾಗ ಎಲ್ಲಿಂದಲೋ ಎತ್ತಿ ಎಲ್ಲೋ ಇಟ್ಟಿದ್ದರಂತೆ ಚಿಕ್ಕಮ್ಮ. ನನ್ನ ಮುಖ ನೋಡಿದರು. ಪ್ರೆಷರ್ ಕುಕ್ಕರಿನ ಸೀಟಿ ಎಣಿಸುವಾಗಲೇ ತಪ್ಪುವ ನಾನು ಏನು ಹೇಳಲಿ?

“ಇದೇ ಮಂಚದಡೀದು” ಎಂದು ಒಂದನ್ನು ಕೊಟ್ಟುಬಿಟ್ಟರು.

ಭಾನುವಾರ ಚರ್ಚು ತುಂಬಿತ್ತು. ಮುಂದಿನ ಸಾಲಿನ ಮೆತ್ತನೆಯ ದನಿಗಳು ಒಂದೊಂದಾಗಿ ಏಳುತ್ತಿರುವಾಗ ನಡುವೆ ಒಂದು ಮಾತ್ರ ಗದರಿಸಿದಂತೆ ಕೂಗಿತು. ನನಗೇ ಕೇಳಿಸಿತು ಎಂದರೆ ಎಂಥ ಕಿವಿಗೂ ಕೇಳಿಸಿರಬೇಕು. ಅದು ಬೀರುವಿನ ಮೇಲಿನದು, ಹಿಂದಿನ ಸಾಲಿನ ಗಡಸು ದನಿ. ಚಿಕ್ಕಮ್ಮ ಸೆರಗಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡರು.

ಒಂದು ಕಾಲಕ್ಕೆ ಕೂದಲೆಳೆಯಷ್ಟು ಅಪಸ್ವರಕ್ಕೂ ಎದ್ದು ಹೋಗುತ್ತಿದ್ದ ಚಿಕ್ಕಪ್ಪ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು.

“ಎಲ್ಲಾ ಸರಿಯಾಗಿ ಬಂತಲ್ಲೇ?”

“ಬಂತು” ಎಂದರು ಚಿಕ್ಕಮ್ಮ, ಅವರ ಮುಖ ನೋಡದೆ.