ಅನುಮಾನದ ಮಾಸ್ತಮ್ಮ

ಮಾಸ್ತಮ್ಮನಿಗೆ ಯಾರ ಮೇಲೆ ಅನುಮಾನ ಇಲ್ಲ ಎಂದು ಕೇಳಿದರೆ ನನಗೆ ಉತ್ತರ ಹೊಳೆಯುವುದಿಲ್ಲ. ಹಾಲಿನವನ ಮೇಲೆ ಇದೆ, ಮಾತ್ರೆ ಬರೆದುಕೊಡುವ ಡಾಕ್ಟರ ಮೇಲೆ ಇದೆ, ಹುಟ್ಟುಹಬ್ಬಕ್ಕೆಂದು ಬಾಳೆಹಣ್ಣಿನ ಗೊನೆ ಹೊತ್ತು ಬರುವ ದಾನಿಗಳ ಮೇಲಂತೂ ಬೆಟ್ಟದಷ್ಟಿದೆ. ನನ್ನ ಮೇಲೂ ಇದೆ. ಹನ್ನೊಂದು ವರ್ಷ ಒಟ್ಟಿಗೆ ಕೆಲಸ ಮಾಡಿದ್ದೇವೆ. ಆದರೂ ನಾನು ಯಾರನ್ನಾದರೂ ಬಚ್ಚಲಿಗೆ ಕರೆದುಕೊಂಡು ಹೋದರೆ ಇವತ್ತಿಗೂ ಹಿಂದೆಯೇ ಬಂದು ಬಾಗಿಲಲ್ಲಿ ನಿಲ್ಲುತ್ತಾಳೆ. ಮೊದಲ ವರ್ಷ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಾನು ಧರ್ಮಾವತಿ. ಸಾಗರದ ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಗಣಿತ ಹೇಳಿ ನಿವೃತ್ತಳಾದವಳು, ಈಗ ‘ಒತ್ತಾಸೆ’ ಎಂಬ ಸಣ್ಣ ಸಂಸ್ಥೆಯ ಕಾರ್ಯದರ್ಶಿ. ಬುದ್ಧಿಯ ಬೆಳವಣಿಗೆ ನಿಧಾನವಾದವರು, ಮಾತು ಬಾರದವರು, ಒಬ್ಬರೇ ಓಡಾಡಲಾಗದವರು, ಹೀಗೆ ಇಪ್ಪತ್ತೆರಡು ಜನ ವಯಸ್ಕರು ಬೆಳಿಗ್ಗೆ ವ್ಯಾನಿನಲ್ಲಿ ಬಂದು ಮಧ್ಯಾಹ್ನ ಮೂರೂವರೆಯವರೆಗೆ ನಮ್ಮಲ್ಲಿರುತ್ತಾರೆ. ಮಾಸ್ತಮ್ಮ ಅಡುಗೆಗೆಂದು ಸೇರಿದವಳು. ಊಟ ಹಾಕುವುದು, ಮೀಸುವುದು, ತಲೆ ಬಾಚುವುದು ಎಲ್ಲ ಅವಳ ಪಾಲಿಗೆ ತಾವಾಗಿ ಬಂದವು. ಕಾವಲು ಮಾತ್ರ ಅವಳು ತಾನಾಗಿ ವಹಿಸಿಕೊಂಡಿದ್ದು.

ಅವಳು ಹುಟ್ಟಿದ್ದು ಹುಲಿಕಲ್ ಘಾಟಿಯ ಮೇಲಿನ ಊರಲ್ಲಿ. ಮದುವೆಯಾಗಿ ಸಾಗರಕ್ಕೆ ಬಂದಳು. ಅಕ್ಕಿ ಗಿರಣಿಯಲ್ಲಿ ದುಡಿಯುತ್ತಿದ್ದ ಗಂಡ ಕೆಮ್ಮಿ ಕೆಮ್ಮಿ ತೀರಿಕೊಂಡ ಮೇಲೆ ಹೊಸನಗರದ ಕಡೆ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆಗೆ ಸೇರಿದಳು. ಅಲ್ಲಿಗೆ ಮೇಲ್ವಿಚಾರಕರ ಸ್ನೇಹಿತರೊಬ್ಬರು ವಾರಕ್ಕೆರಡು ಸಲ ಊಟಕ್ಕೆ ಬರುತ್ತಿದ್ದರು. ‘ಇವರು ಯಾಕೆ ಬರ್ತಾರೆ?’ ಎಂದು ಮಾಸ್ತಮ್ಮ ಎಲ್ಲರೆದುರು ಕೇಳಿದಳು. ತಿಂಗಳೊಳಗೆ ಅವಳ ಕೆಲಸ ಹೋಯಿತು. ಇದನ್ನು ಅವಳೇ ನನಗೆ ಹೇಳಿಕೊಂಡದ್ದು, ನಾನು ಕೆಲಸಕ್ಕೆ ತೆಗೆದುಕೊಳ್ಳುವ ಮೊದಲೇ. ಆಮೇಲೆ ಗೊತ್ತಾಗುವುದು ಬೇಡ ಎಂದು.

ಒಮ್ಮೆ ಶಿವಮೊಗ್ಗದಿಂದ ತರಬೇತಿ ಕೊಡುವವರು ಬಂದರು. ಪರದೆಯ ಮೇಲೆ ಚಿತ್ರ ತೋರಿಸಿ, ಯಾರನ್ನೂ ಒಬ್ಬರೇ ಸಿಬ್ಬಂದಿಯ ಜೊತೆ ಬಿಡಬಾರದು, ವ್ಯಾನಿನಲ್ಲಿ ಯಾವಾಗಲೂ ಇಬ್ಬರು ಸಿಬ್ಬಂದಿ ಇರಬೇಕು, ಬಾಗಿಲಿಗೆ ಚಿಲಕ ಹಾಕಬಾರದು ಎಂದೆಲ್ಲ ಮೂರು ತಾಸು ಹೇಳಿದರು. ಚಾ ತಂದ ಮಾಸ್ತಮ್ಮ ತಟ್ಟೆ ಹಿಡಿದು ನಿಂತೇ ಕೇಳಿಸಿಕೊಂಡು, ‘ಇಷ್ಟು ಹೇಳಕ್ಕೆ ಅಷ್ಟು ದೂರದಿಂದ ಬಂದ್ರಾ?’ ಎಂದಳು. ತರಬೇತಿಗೆ ಬಂದವರಲ್ಲಿ ಒಬ್ಬ ಹುಡುಗ ನಕ್ಕ. ನಾನು ನಗಲಿಲ್ಲ, ನನಗೆ ನಾಚಿಕೆಯಾಯಿತು. ಅವರು ಹೇಳಿದ ನಿಯಮಗಳನ್ನೆಲ್ಲ ಅಚ್ಚುಕಟ್ಟಾಗಿ ಬರೆಸಿ ಗೋಡೆಗೆ ಹಾಕಿಸಿದೆ.

ಇನ್ನು ಸುಷ್ಮಾ. ಇಪ್ಪತ್ತನಾಲ್ಕರ ಹುಡುಗಿ, ಅಣೆಕಟ್ಟಿನ ಹಿನ್ನೀರಿನ ಆಚೆ ಬ್ಯಾಕೋಡಿನವಳು. ‘ಅಮ್ಮ’, ‘ಚಾ’ ಎರಡು ಮಾತು ಸ್ಪಷ್ಟ, ಉಳಿದದ್ದೆಲ್ಲ ನಗು. ಅವಳ ತಾಯಿ ಹೇಮಾವತಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಾಳೆ. ಹಿನ್ನೀರು ದಾಟಿಸುವ ಲಾಂಚ್ ಇದ್ದ ಕಾಲದಲ್ಲಿ ತಾಯಿಯೋ ನೆರೆಯವರೋ ಅವಳನ್ನು ಲಾಂಚಿನಲ್ಲಿ ಈ ದಡಕ್ಕೆ ತಂದು ಬಿಡುತ್ತಿದ್ದರು, ನಮ್ಮ ವ್ಯಾನು ಅಲ್ಲಿಂದ ಕರೆತರುತ್ತಿತ್ತು. ಲಾಂಚಿನಲ್ಲಿ ನೂರು ಕಣ್ಣು. ಯಾರ ಪಕ್ಕದಲ್ಲಿ ಕೂತಳು, ಏನು ತಿಂದಳು ಎಲ್ಲ ಎರಡೂ ದಡದವರಿಗೆ ಗೊತ್ತಿರುತ್ತಿತ್ತು.

ಹಿನ್ನೀರಿನ ಆಚೆಯವರ ವಿಷಯದಲ್ಲಿ ನಮ್ಮ ಸೀಮೆಯದೊಂದು ರೂಢಿಯಿದೆ. ಅವರು ಎಲ್ಲಿಗೇ ತಡವಾಗಿ ಬರಲಿ, ಯಾಕೆ ಎಂದು ಯಾರೂ ಕೇಳುವುದಿಲ್ಲ. ಮದುವೆಯ ಮುಹೂರ್ತ ತಪ್ಪಿಸಿಕೊಂಡರೂ ಸರಿ, ಪರೀಕ್ಷೆಗೆ ಅರ್ಧ ತಾಸು ತಡವಾದರೂ ಸರಿ, ‘ಲಾಂಚ್ ಸಿಗ್ಲಿಲ್ಲ’ ಎಂದರೆ ಮುಗಿಯಿತು. ನಾನೇ ತರಗತಿಯಲ್ಲಿ ಎಷ್ಟು ಮಕ್ಕಳನ್ನು ಹಾಗೆ ಒಳಗೆ ಬಿಟ್ಟುಕೊಂಡಿಲ್ಲ! ಎರಡು ತಲೆಮಾರಿನ ಅಭ್ಯಾಸ ಅದು. ಸೇತುವೆ ಆಯಿತು, ಲಾಂಚಿಗೆ ಕಾಯುವುದು ತಪ್ಪಿತು, ಕೇಳದಿರುವ ರೂಢಿ ಮಾತ್ರ ಹಾಗೆಯೇ ಉಳಿಯಿತು.

ಸೇತುವೆಯಾದ ಮೇಲೆ ಸುಷ್ಮಾ ಬೆಳಿಗ್ಗೆ ಸಾಗರದ ಶಾಲೆಗಳಿಗೆ ಬರುವ ಟೀಚರುಗಳ ಜೊತೆ ಬಸ್ಸಿನಲ್ಲಿ ಬರತೊಡಗಿದಳು. ಸಂಜೆ ಅವರು ಹೊರಡುವುದು ತಡ, ಹಾಗೆ ಜೊತೆ ಇರಲಿಲ್ಲ. ನಮ್ಮ ಉಪಾಧ್ಯಕ್ಷ ನಿರಂಜನ, ‘ನಾನು ದಿನಾ ಮೂರೂವರೆಗೆ ಸೇತುವೆ ದಾಟಿ ತುಮರಿ ತೋಟಕ್ಕೆ ಹೋಗೋನೇ ಅಲ್ವಾ? ನಮ್ಮ ಕಾರಲ್ಲೇ ಬರ್ಲಿ. ಮನೆ ಬಾಗಿಲಿಗೇ ಬಿಡ್ತೀನಿ’ ಎಂದರು. ನಿರಂಜನ ಅಂದರೆ ಐವತ್ತು ದಾಟಿದ, ನಗುಮುಖದ, ಯಾರ ಕೆಲಸಕ್ಕೂ ಇಲ್ಲವೆನ್ನದ ಮನುಷ್ಯ. ಕೆಳದಿ ರಸ್ತೆಯಲ್ಲಿ ಒತ್ತಾಸೆ ನಡೆಯುತ್ತಿದ್ದ ಕಟ್ಟಡವೂ ಅವರದೇ, ಬಿಟ್ಟಿಯಾಗಿ ಬಿಟ್ಟುಕೊಟ್ಟಿದ್ದರು. ನಾನು ಕೈಮುಗಿದೆ.

‘ಕಾರಲ್ಲಿ ಇನ್ಯಾರಿರ್ತಾರೆ?’ ಎಂದಳು ಮಾಸ್ತಮ್ಮ, ಅವರೆದುರಿಗೇ.

ನಾನು ಅವಳನ್ನು ಅಡುಗೆಮನೆಗೆ ಕರೆದು ಬೈದೆ. ನಮ್ಮ ಕಡೆ ಒಬ್ಬರು ಗಾಡಿ ನಿಲ್ಲಿಸಿ ಹತ್ತಿ ಅಂದರೆ ಒಲ್ಲೆ ಎನ್ನುವುದು ಅವಮಾನ. ‘ಗೋಡೆ ಮೇಲೆ ಬರ್ದೀರಲ್ಲ ಅಮ್ಮಾ, ಇಬ್ರು ಇರ್ಬೇಕು ಅಂತ’ ಎಂದಳು. ಅದು ಸಂಸ್ಥೆಯ ವ್ಯಾನಿಗೆ, ಇದು ನಮ್ಮವರೊಬ್ಬರು ಕೊಡುವ ಲಿಫ್ಟು, ಇದಕ್ಕೆ ಆ ನಿಯಮ ಬರುವುದಿಲ್ಲ ಎಂದೆ. ಮೂವತ್ತೆರಡು ವರ್ಷ ಗಣಿತ ಹೇಳಿದವಳ ತರ್ಕ ಅದು. ನೆನೆದರೆ ಈಗಲೂ ಕೆನ್ನೆಗೆ ಹೊಡೆದುಕೊಳ್ಳಬೇಕೆನಿಸುತ್ತದೆ.

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಮಾಸ್ತಮ್ಮ ಸುಷ್ಮಾಳ ಬಲಗೈಯನ್ನು ನನ್ನ ಮೇಜಿನ ಮೇಲೆ ತಂದಿಟ್ಟಳು. ಬೆರಳ ತುದಿಯೆಲ್ಲ ಕಪ್ಪು ಕಂದು, ಹೆಬ್ಬೆರಳಿನಲ್ಲಿ ನಾಲ್ಕೈದು ಸಣ್ಣ ಗಾಯ.

‘ಅಡಿಕೆ ಚೊಗರು’ ಎಂದೆ. ಹಸಿ ಅಡಿಕೆ ಸುಲಿದರೆ ಹತ್ತುವ ಆ ಕಲೆ ಬೇಗ ಹೋಗುವುದಿಲ್ಲ, ಸುಗ್ಗಿಯಲ್ಲಿ ಊರಿನ ಅರ್ಧ ಕೈಗಳು ಹಾಗೇ ಇರುತ್ತವೆ.

‘ಅದು ನಂಗೂ ಗೊತ್ತು. ಇವರ ಮನೇಲಿ ಒಂದು ಅಡಿಕೆ ಮರ ಇಲ್ಲ. ಎಲ್ಲಿ ಸುಲಿದ್ಲು? ಯಾರ ಜೊತೆ?’

ನೆರೆಮನೆಯಲ್ಲಿ ಆಡುತ್ತ ಸುಲಿದಿರಬಹುದು ಎಂದು ನಾನು ಕಳಿಸಿಬಿಟ್ಟೆ. ಆದರೆ ಅನುಮಾನ ಅಂಟುರೋಗ. ಅವತ್ತು ಮಧ್ಯಾಹ್ನ ಕಾರಿನ ಬಾಗಿಲು ತೆಗೆದು ‘ಬಾರವ್ವಾ’ ಎಂದು ಕರೆದ ನಿರಂಜನರ ನಗುವನ್ನು ನಾನು ಕಿಟಕಿಯಿಂದ ನೋಡಿದೆ. ಮರುದಿನವೂ ನೋಡಿದೆ. ಕಾರು ಹತ್ತುವ ಮುಂಚೆ ಸುಷ್ಮಾ ಒಂದು ಗಳಿಗೆ ನಿಂತಳೇ, ಅಥವಾ ನನಗೆ ಹಾಗೆ ಕಂಡಿತೇ? ಒಬ್ಬಳೇ ಹುಡುಗಿ, ಒಬ್ಬನೇ ಗಂಡಸು, ಒಂದು ತಾಸಿನ ದಾರಿ. ಬರಬಾರದ ಯೋಚನೆಗಳೆಲ್ಲ ಬಂದವು. ಕೇಳೋಣವೆಂದರೆ ಬಾಯಿ ಬರಲಿಲ್ಲ. ಕೇಳಿ ಸುಳ್ಳಾದರೆ ಕಟ್ಟಡ ಹೋಗುತ್ತದೆ, ಇಪ್ಪತ್ತೆರಡು ಜನ ಬೀದಿಗೆ ಬೀಳುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ನನಗೆ ಹೆದರಿಕೆಯಿತ್ತು.

ಮಾಸ್ತಮ್ಮ ರಜೆ ಕೇಳಿದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ. ಎಂತಕ್ಕೆ ಎಂದು ಕೇಳಿದರೆ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ನಾನು ಬೀಗ ತೆಗೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿದ್ದಳು. ಬಸ್ಸು ಹತ್ತಿ ಬ್ಯಾಕೋಡಿಗೆ ಹೋಗಿದ್ದಳಂತೆ. ಮಗಳು ಮನೆಗೆ ಎಷ್ಟು ಹೊತ್ತಿಗೆ ಬರುತ್ತಾಳೆ ಎಂದು ಹೇಮಾವತಿಯನ್ನು ಕೇಳಿದಾಗ ಏಳು ಗಂಟೆಗೆ ಎಂದಳಂತೆ. ಐದಕ್ಕೇ ತಲುಪಬೇಕಾದವಳು! ಸೇತುವೆಯಾದ ಮೇಲೆ ಒತ್ತಾಸೆ ಬಿಡುವುದೇ ಐದೂವರೆಗೆ ಇರಬೇಕು ಎಂದು ತಾಯಿ ತಿಳಿದಿದ್ದಳು, ನಾವು ಅವಳು ಐದಕ್ಕೆ ಮನೆ ಸೇರುತ್ತಾಳೆ ಎಂದು ತಿಳಿದಿದ್ದೆವು. ಮೂರು ತಿಂಗಳು ಯಾರೂ ಯಾರನ್ನೂ ಕೇಳಿರಲಿಲ್ಲ.

ಮಾಸ್ತಮ್ಮ ಅಲ್ಲಿಂದ ನಿರಂಜನರ ತೋಟಕ್ಕೆ ಹೋಗಿ ಕೂಲಿ ಕೇಳುವವಳ ಹಾಗೆ ಅಂಗಳದಲ್ಲಿ ನಿಂತಳು. ತಗಡಿನ ಚಪ್ಪರದಡಿ ಏಳೆಂಟು ಹೆಂಗಸರು ಸಾಲಾಗಿ ಕೂತು ಅಡಿಕೆ ಸುಲಿಯುತ್ತಿದ್ದರು. ನಾಲ್ಕೂವರೆಗೆ ಕಾರು ಬಂತು, ಇವಳು ಕೊಟ್ಟಿಗೆಯ ಮರೆಗೆ ಸರಿದು ನಿಂತಳು. ಸುಷ್ಮಾ ಇಳಿದು, ಯಾರೂ ಹೇಳದೆ ಸಾಲಿನ ಕೊನೆಗೆ ಹೋಗಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮಣೆಯ ಮೇಲೆ ಕೂತಳು. ಆರೂ ಮುಕ್ಕಾಲಿಗೆ ಎಬ್ಬಿಸಿದರು.

‘ಅಡಿಕೆ ಸುಲಿಸ್ತಿದಾರೆ ಅಮ್ಮಾ. ದಿನಾ ಎರಡು ತಾಸು.’

‘ಅಷ್ಟೇನಾ?’ ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಎದೆಯಿಂದ ಕಲ್ಲು ಇಳಿದಂತಾಗಿತ್ತು. ಮಾಸ್ತಮ್ಮ ನನ್ನನ್ನೇ ನೋಡಿದಳು. ಅವಳು ನನ್ನ ಮೇಲೆ ಹನ್ನೊಂದು ವರ್ಷ ಇಟ್ಟಿದ್ದ ಅನುಮಾನ ನಿಜವಾಯಿತು ಎಂದು ನನಗೆ ಆಗ ಅನ್ನಿಸಿತು.

ಶನಿವಾರ ಸಮಿತಿ ಕರೆದೆವು. ಅಧ್ಯಕ್ಷ ನನ್ನ ಅಣ್ಣ ಪಾರ್ಶ್ವರಾಜ, ಇನ್ನಿಬ್ಬರು ಸದಸ್ಯರು, ನಿರಂಜನ, ಮಗಳನ್ನು ಕರೆದುಕೊಂಡು ಹೇಮಾವತಿ. ಬಾಗಿಲ ಬಳಿ ಮಾಸ್ತಮ್ಮ. ನಾನು ವಿಷಯ ಹೇಳಿದೆ. ಸದಸ್ಯರೂ ನನ್ನ ಹಾಗೆಯೇ ಉಸಿರು ಬಿಟ್ಟು, ‘ಅಷ್ಟೇನಾ? ನಾವು ಏನೇನೋ ಅಂದ್ಕೊಂಡಿದ್ವಿ’ ಎಂದು ನಕ್ಕರು. ಒಬ್ಬರು ಚಾ ತರಲು ಹೇಳಿದರು.

ನಿರಂಜನರಿಗೆ ಧೈರ್ಯ ಬಂತು. ‘ಸುಗ್ಗಿಗೆ ಜನ ಸಿಗಲ್ಲ, ಅದು ನಿಮಗೂ ಗೊತ್ತು. ಆದ್ರೆ ನಾನು ಅದಕ್ಕೆ ಮಾಡಿದ್ದಲ್ಲ. ಕೈಗೊಂದು ಕೆಲಸ ಕಲೀಲಿ ಅಂತ. ಚಾ, ಅವಲಕ್ಕಿ ಎಲ್ಲ ಕೊಟ್ಟಿದೀವಿ. ನಮ್ಮನೆ ಮಗಳ ತರ. ದಿನಾ ಕೇಳಿಯೇ ಕೂರಿಸಿದ್ದು, ಸುಲೀತೀಯಾ ಅಂದ್ರೆ ಹ್ಞೂಂ ಅಂತ ತಲೆ ಆಡಿಸ್ತಾಳೆ. ಬೇಕಾದ್ರೆ ಈಗ ಕೇಳಿ.’

ಮಾಸ್ತಮ್ಮ ಒಳಗೆ ಬಂದು ಸುಷ್ಮಾಳ ಮುಂದೆ ಕುಕ್ಕರಗಾಲಲ್ಲಿ ಕೂತಳು.

‘ಸುಷ್ಮಾ, ಅಡಿಕೆ ಸುಲೀತೀಯಾ?’

ಸುಷ್ಮಾ ನಗುತ್ತಾ ತಲೆಯಾಡಿಸಿದಳು. ‘ನೋಡಿ’ ಎಂದರು ನಿರಂಜನ.

‘ಸುಷ್ಮಾ, ಬಾವಿಗೆ ಹಾರ್ತೀಯಾ?’

ಸುಷ್ಮಾ ಅದೇ ನಗುವಿನಲ್ಲಿ ಅಷ್ಟೇ ಜೋರಾಗಿ ತಲೆಯಾಡಿಸಿದಳು. ಹೇಮಾವತಿ ‘ಅಯ್ಯೋ’ ಎಂದು ಮಗಳ ತಲೆಯನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ಯಾರೂ ನಗಲಿಲ್ಲ.

‘ಇವತ್ತು ಅಡಿಕೆ’ ಎಂದಳು ಮಾಸ್ತಮ್ಮ. ‘ನಾಳೆ ಇನ್ಯಾರೋ ಇನ್ನೇನೋ ಕೇಳ್ತಾರೆ, ಅದಕ್ಕೂ ಹ್ಞೂಂ ಅಂತಾಳೆ. ಮನೆ ಮಗಳು ಅಂದ್ರಿ. ಮನೆ ಮಗಳು ಸಾಕಾಯ್ತು ಅಂತ ಎದ್ದು ಹೋಗ್ತಾಳೆ. ಇವಳು ಒಂದಿನ ಎದ್ದು ಹೋದ್ಲಾ?’ ಅವಳೇ ಮುಂದುವರಿಸಿದಳು. ‘ನನ್ನನ್ನೂ ಹತ್ತನೇ ವರ್ಷಕ್ಕೆ ತೀರ್ಥಹಳ್ಳಿಲಿ ಒಂದು ಮನೇಲಿ ಬಿಟ್ಟಿದ್ರು. ಶಾಲೆಗೆ ಕಳಿಸ್ತೀವಿ, ಮನೆ ಮಗಳ ತರ ಅಂತ. ಆರು ವರ್ಷ ಪಾತ್ರೆ ತಿಕ್ಕಿದೆ. ಅಪ್ಪ ಬಂದಾಗೆಲ್ಲ ಚೆನ್ನಾಗಿದೀಯಾ ಅಂತ ಕೇಳೋನು. ಹ್ಞೂಂ ಅಂತ ತಲೆ ಆಡಿಸ್ತಿದ್ದೆ. ನಂಗೆ ಮಾತು ಬರ್ತಿತ್ತು ಅಮ್ಮಾ. ಬರ್ತಿದ್ರೂ ಅಷ್ಟೇ ಮಾಡಿದ್ದು.’

ಕೊನೆಯ ಮಾತು ಹೇಳಿದ್ದು ನನಗೆ. ಅಷ್ಟು ವರ್ಷ ಅವಳ ಜೊತೆಗಿದ್ದೂ ಇದೊಂದನ್ನು ನಾನು ಕೇಳಿರಲಿಲ್ಲ. ನನಗೆ ಅಳು ಬಂತು, ಅತ್ತುಬಿಟ್ಟೆ.

ನಿರಂಜನ ಅಲ್ಲಿಯೇ ರಾಜೀನಾಮೆ ಬರೆದು, ಎರಡು ತಿಂಗಳಲ್ಲಿ ಕಟ್ಟಡ ಖಾಲಿ ಮಾಡಿ ಎಂದರು. ನಾನು ನಡೆದದ್ದನ್ನೆಲ್ಲ, ನನ್ನ ತಪ್ಪನ್ನೂ ಸೇರಿಸಿ, ವಿಕಲಚೇತನರ ಇಲಾಖೆಯ ಜಿಲ್ಲಾ ಕಚೇರಿಗೆ ಬರೆದೆ. ಹೇಮಾವತಿ ಸಹಿ ಹಾಕಿದಳು. ಉಪಕಾರ ಮಾಡಿದವರನ್ನು ಕಟಕಟೆಗೆ ನಿಲ್ಲಿಸಿದೆವು ಎಂದು ಊರಿನ ಅರ್ಧ ಜನ ಈಗಲೂ ನಮ್ಮ ಜೊತೆ ಸರಿಯಾಗಿ ಮಾತಾಡುವುದಿಲ್ಲ. ಒತ್ತಾಸೆ ಈಗ ಅಣ್ಣನ ಹಳೇ ಗೋದಾಮಿನಲ್ಲಿದೆ. ಸೆಖೆ ಜಾಸ್ತಿ, ಬಚ್ಚಲು ಸಣ್ಣದು. ಲಿಫ್ಟು ಯಾರದೂ ಇಲ್ಲ. ಸಂಜೆ ವ್ಯಾನು ಸೇತುವೆ ದಾಟಿ ಬ್ಯಾಕೋಡಿನವರೆಗೂ ಹೋಗುತ್ತದೆ, ಮಾಸ್ತಮ್ಮನೂ ಹೋಗುತ್ತಾಳೆ. ತಲುಪಿದ ಕೂಡಲೇ ಹೇಮಾವತಿ ನನಗೆ ಫೋನು ಮಾಡಬೇಕು. ಹತ್ತು ನಿಮಿಷ ತಡವಾದರೆ ನಾನೇ ಮಾಡುತ್ತೇನೆ.

ಗೋದಾಮಿಗೆ ಬಂದ ಮೇಲೆ ಮಾಸ್ತಮ್ಮ ಹೊಸದೊಂದು ಹಟ ಹಿಡಿದಳು. ಸುಷ್ಮಾಳಿಗೆ ಏನು ಕೊಡಬೇಕಾದರೂ, ಏನು ಮಾಡಬೇಕಾದರೂ, ‘ಬೇಕಾ? ಬ್ಯಾಡ್ವಾ?’ ಎಂದು ಎರಡೂ ಕೇಳಿ ಕಾಯುವುದು. ಸುಷ್ಮಾ ಎರಡಕ್ಕೂ ತಲೆಯಾಡಿಸುತ್ತಿದ್ದಳು. ಮಾಸ್ತಮ್ಮ ಮತ್ತೆ ಕೇಳುತ್ತಿದ್ದಳು. ಸಾರು ಆರಿ ತಣ್ಣಗಾಗುತ್ತಿತ್ತು. ಇದೆಲ್ಲ ಆಗುವ ಹೋಗುವ ಮಾತಲ್ಲ ಎಂದು ನಾನು ಗೊಣಗುತ್ತಿದ್ದೆ. ಹೀಗೆ ನಾಲ್ಕು ತಿಂಗಳು.

ಕಳೆದ ಮಂಗಳವಾರ ಹೊರಡುವ ಹೊತ್ತಿಗೆ ಮಾಸ್ತಮ್ಮ ಬಾಚಣಿಗೆ ಹಿಡಿದು ಸುಷ್ಮಾಳ ಹಿಂದೆ ಕೂತಿದ್ದಳು. ಬೇಕಾ, ಬ್ಯಾಡ್ವಾ ಎಂದು ಕೇಳಿದಳು. ಸುಷ್ಮಾ ತಿರುಗಿ ಅವಳ ಕೈಯನ್ನು ಜೋರಾಗಿ ತಳ್ಳಿದಳು. ಮುಖದಲ್ಲಿ ನಗು ಇರಲಿಲ್ಲ.

‘ಬ್ಯಾಡ’ ಎಂದಳು.

ಮಾಸ್ತಮ್ಮ ಬಾಚಣಿಗೆ ಕೆಳಗಿಟ್ಟು, ಎರಡೂ ಕೈ ಎತ್ತಿ ಹಿಂದೆ ಸರಿದಳು. ‘ಅಮ್ಮಾ, ಕೇಳ್ತಾ? ನಂಗೇ ಬ್ಯಾಡ ಅಂದ್ಲು!’ ಎಂದು ಅಲ್ಲಿಂದಲೇ ಕೂಗಿದಳು. ಅವಳು ಅಷ್ಟು ದೊಡ್ಡದಾಗಿ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅವತ್ತು ಸುಷ್ಮಾ ಕೆದರಿದ ತಲೆಯಲ್ಲೇ ಮನೆಗೆ ಹೋದಳು. ಯಾರೂ ಅವಳ ತಲೆ ಮುಟ್ಟಲಿಲ್ಲ.