ಚಿಕ್ಕಪ್ಪ ಸೌಂಡು ಇಳಿಸಿದ ಸಂಜೆ

ನಮ್ಮ ಚಿಕ್ಕಪ್ಪ ಸಭೆಗಳಿಗೆ ಮೈಕ್ ಸೆಟ್ ಹಾಕುವವನು. ಬೇರೆಯವರು ‘ಹಲೋ, ಹಲೋ’ ಎಂದು ಮೈಕ್ ಪರೀಕ್ಷಿಸಿದರೆ ಇವನು ‘ಊಟ ಆಯ್ತಾ?’ ಎನ್ನುತ್ತಿದ್ದ. ಮಧ್ಯಾಹ್ನದ ಜೊಂಪಿನಲ್ಲಿದ್ದ ಬೀದಿಯ ಮೇಲೆ ಆ ಮಾತು ಹತ್ತಿಯ ಎಳೆಯಂತೆ ತೇಲಿ ಹೋಗುತ್ತಿತ್ತು. ಕೆಲವರು ಕಿಟಕಿ ತೆರೆದು, “ಆಯ್ತಪ್ಪಾ, ನಿಂದು?” ಎನ್ನುತ್ತಿದ್ದರು. ಮೈಕಿನಲ್ಲಿ ಬೈದರೆ ಆ ಬೈಗುಳ ತಂತಿಯೊಳಗೇ ಉಳಿದು, ಮರುದಿನ ಯಾರದೋ ಮದುವೆಯಲ್ಲಿ ಹೊರಬರುತ್ತದೆ ಎಂದು ಅವನು ನಂಬಿದ್ದ.

“ನಿಮ್ ತಲೆ!” ಎನ್ನುತ್ತಿದ್ದಳು ಚಿಕ್ಕಮ್ಮ.

ಒಂದು ಸಂಜೆ ಚೌಕದಲ್ಲಿ ಗುರುಗಳೊಬ್ಬರ ಪ್ರವಚನವಿತ್ತು. ಮೊದಮೊದಲು ಜೇನಿನಂಥ ಮಾತು. ಚಪ್ಪಾಳೆ ಏರಿದಂತೆ, ಬೇರೆ ದೇವರನ್ನು ನಂಬುವ ಕೆಳಗಿನ ಬೀದಿಯವರನ್ನು ಬಾಯಿಗೆ ಬಂದಂತೆ ಬೈಯತೊಡಗಿದರು. ಗುರುವಿನ ನಾಲಿಗೆಯೇ ಲಗಾಮು ಕಿತ್ತುಕೊಂಡರೆ ಶಿಷ್ಯರ ಕೈ ಸುಮ್ಮನಿರುತ್ತದೆಯೇ? ಚಿಕ್ಕಪ್ಪ, ಮಲಗಿದ ಮಗುವಿಗೆ ಹೊದಿಕೆ ಎಳೆಯುವಂತೆ, ಮೆಲ್ಲಮೆಲ್ಲಗೆ ಸೌಂಡು ಇಳಿಸಿದ. ಕೇಳಿಸದೆ ಜನ ಮುಂದೆ ಮುಂದೆ ಸರಿದರು. ಚೌಕದಲ್ಲಿ ಹಣ್ಣು ಮಾರುವ ಕೆಳಗಿನ ಬೀದಿಯ ಅಜ್ಜಿಯೂ ಬುಟ್ಟಿಯೊಂದಿಗೆ ವೇದಿಕೆಯ ಅಂಚಿಗೇ ಬಂದಳು.

“ಕೇಳಿಸ್ಲಿಲ್ಲ ಸ್ವಾಮಿ. ನಮ್ಮ ಬೀದಿಯವ್ರಿಗೆ ಏನೋ ಅಂದ್ರಲ್ಲ, ಇನ್ನೊಂದ್ಸಲ ಹೇಳಿ.”

ಇಷ್ಟು ಹತ್ತಿರದ ಮುಖಕ್ಕೆ ಅದನ್ನು ಹೇಳಲು ಗುರುಗಳಿಗೆ ಬಾಯಿ ಬರಲಿಲ್ಲ. ಅವರು ಅಜ್ಜಿಯತ್ತ ಬಾಗಿದ್ದನ್ನು ನೋಡಿ ಚಿಕ್ಕಪ್ಪ ಸೌಂಡನ್ನು ಪೂರ್ತಿ ಏರಿಸಿದ.

“ಊಟ ಆಯ್ತಾ ಅಂದೆ, ತಾಯಿ,” ಎಂದರು ಗುರುಗಳು.

ಕೆಳಗಿನ ಬೀದಿಯಲ್ಲಿ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು.