ಕೆಂಚಪ್ಪ ಓದಿದ ನಂಬರುಗಳು

ಅರಸೀಕೆರೆ ಯಾರ್ಡಿನಲ್ಲಿ ಯಾವ ಗೂಡ್ಸ್ ವ್ಯಾಗನ್ ಎಲ್ಲಿ ನಿಂತಿದೆ, ಯಾವುದು ಖಾಲಿ, ಯಾವುದು ರಿಪೇರಿಗೆ ಹೋಗಬೇಕು ಎಂಬುದೆಲ್ಲ ಗುಮಾಸ್ತ ಭೀಮರಾಜನಿಗೆ ಬಾಯಿಪಾಠ. ಬೆಳಗಾದರೆ ಹಳಿಗುಂಟ ನಡೆದು ನಂಬರು ಬರೆದುಕೊಳ್ಳುತ್ತಿದ್ದ. ತೆಂಗಿನಕಾಯಿ ತುಂಬುವವರಿಗೆ ವ್ಯಾಗನ್ ಹಂಚಿ, ಉಳಿದ ಖಾಲಿ ಎಷ್ಟೆಂದು ಮೈಸೂರಿನ ರೈಲ್ವೆ ಕಚೇರಿಗೆ ಫೋನ್ ಮಾಡುತ್ತಿದ್ದ. ಕಣಕಟ್ಟೆಯ ಅವನ ಕೇರಿಯಿಂದ ಸರ್ಕಾರಿ ಕೆಲಸಕ್ಕೆ ಸೇರಿದವರಲ್ಲಿ ಅವನೇ ಮೊದಲಿಗ. ಹದಿನೇಳು ವರ್ಷದಲ್ಲಿ ಒಂದು ವ್ಯಾಗನ್ನೂ ದಾರಿ ತಪ್ಪಿರಲಿಲ್ಲ.

೧೯೯೦ರಲ್ಲಿ ನಂಬರುಗಳು ಮಸುಕಾಗತೊಡಗಿದವು. ಕಣ್ಣಿನ ನರ ಸಾಯುತ್ತಿದೆ, ಹೋದ ದೃಷ್ಟಿ ಮರಳುವುದಿಲ್ಲ ಎಂದರು ಡಾಕ್ಟರು. ಹೆಂಡತಿ ಮಂಜುಳಾಗೂ ಅವನು ಬಾಯಿಬಿಡಲಿಲ್ಲ. ಕೆಲಸ ಹೋದರೆ ಎಂಬ ಭಯ. ಪತ್ತೆ ಹಚ್ಚಿದವನು ಹಳಿ ಬದಲಿಸಿ ವ್ಯಾಗನ್ ಜೋಡಿಸುವ ಕೆಂಚಪ್ಪ.

"ಭೀಮಣ್ಣ, ನಿಂಗೆ ಕಾಣಾಕಿಲ್ಲ ಅಲ್ವಾ?"

ಭೀಮರಾಜ ತಲೆ ತಗ್ಗಿಸಿದ.

"ಹೋಗ್ಲಿ ಬಿಡು. ನಾನು ಓದ್ತೀನಿ, ನೀನು ಬರ್ಕೋ."

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ ಕೆಂಚಪ್ಪ ಒಂದೊಂದೇ ಅಂಕಿ ಕೂಗುತ್ತ ಮುಂದೆ ನಡೆದರೆ, "ಈ ವಯಸ್ಸಲ್ಲಿ ಮಗ್ಗಿ ಕಲೀತಿದೀಯೇನ್ಲಾ?" ಎಂದು ಜೊತೆಯವರು ನಗುತ್ತಿದ್ದರು. ಅವನೂ ನಗುತ್ತಿದ್ದ. ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ಅವನಿಗೆ ಕಾಮಾಲೆ ಬಂತು. ನಾಟಿ ಔಷಧಿ ಎಂದು ಒಂದು ವಾರ ಕಳೆದರು; ಆಸ್ಪತ್ರೆ ಸೇರಿಸಿದ ಮಾರನೆಯ ದಿನವೇ ಕೆಂಚಪ್ಪ ಇಲ್ಲವಾದ.

ಮಣ್ಣು ಕೊಟ್ಟು ಬಂದ ಮೂರನೆಯ ದಿನ ಭೀಮರಾಜ ಒಬ್ಬನೇ ಯಾರ್ಡಿಗೆ ಇಳಿದ. ಅಂದಾಜಿನಲ್ಲೇ ಬರೆದ. ತಳದ ಹಲಗೆ ಕೊಳೆತು ರಿಪೇರಿಗೆ ನಿಂತಿದ್ದ ವ್ಯಾಗನ್ನಿನ ಕೊನೆಯ ಅಂಕಿ ಎಂಟು. ಅವನು ಬರೆದದ್ದು ಮೂರು. ರಿಪೇರಿಗೆ ಹೋದದ್ದು ಆ ನಂಬರಿನ, ಗಟ್ಟಿಮುಟ್ಟಾದ ಇನ್ನೊಂದು. ಕೊಳೆತದ್ದು ತೆಂಗಿನಕಾಯಿ ತುಂಬಲು ಬಂತು. ಹಲಗೆಯ ಮೇಲೆ ಹಳೆಯ ಹುಲ್ಲು ಹರಡಿತ್ತು, ಯಾರಿಗೂ ಕಾಣಲಿಲ್ಲ. ಮೂಟೆ ಹೊತ್ತು ಹತ್ತಿದ ಕೂಲಿಯಾಳು ಗುರುಸಿದ್ದಮ್ಮನ ಕಾಲು ಹಲಗೆ ಮುರಿದು ಕೆಳಗಿಳಿಯಿತು. ಮೂಳೆ ಎರಡು ಕಡೆ ಮುರಿದಿತ್ತು.

ಹಲಗೆ ಹಳೆಯದು, ಯಾರ ತಪ್ಪೂ ಅಲ್ಲ ಎಂದು ಸ್ಟೇಷನ್ ಮಾಸ್ಟರ್ ಜಯದೇವಪ್ಪ ಬರೆಯಹೊರಟಿದ್ದರು. ಭೀಮರಾಜ ಮೇಜಿನ ಮುಂದೆ ಬಂದು ನಿಂತ.

"ಹಂಗೆ ಬರೀಬೇಡಿ ಸಾರ್. ನಂಗೆ ಮೂರೂ ಎಂಟೂ ಒಂದೇ ಥರ ಕಾಣ್ತವೆ. ಎರಡು ವರ್ಷದಿಂದ ಓದಿದ್ದು ಕೆಂಚಣ್ಣ."

ಜಯದೇವಪ್ಪ ಪೆನ್ನು ಕೆಳಗಿಟ್ಟರು.

ವಿಚಾರಣೆ ನಡೆದು, ಅವನನ್ನು ಯಾರ್ಡಿನಿಂದ ತೆಗೆದು ಪ್ರಯಾಣಿಕರು ಕಾಯುವ ಕೊಠಡಿ ನೋಡಿಕೊಳ್ಳಲು ಹಾಕಿದರು. ಗುರುಸಿದ್ದಮ್ಮ ಮತ್ತೆ ಮೂಟೆ ಹೊರಲಿಲ್ಲ. ಆಸ್ಪತ್ರೆಯಲ್ಲಿ ಅವನು ಕ್ಷಮೆ ಕೇಳಿದಾಗ ಅವಳು ಮುಖ ಗೋಡೆಯ ಕಡೆ ತಿರುಗಿಸಿದ್ದಳು. ಅದು ನ್ಯಾಯವೇ ಎಂದು ಅವನಿಗೂ ಅನ್ನಿಸಿತ್ತು.

ಒಂದು ಭಾನುವಾರ ಮಂಜುಳಾಳ ಕೈ ಹಿಡಿದು ಕೆಂಚಪ್ಪನ ಮನೆಗೆ ಹೋಗಿ, ಅವನ ಹೆಂಡತಿ ರುದ್ರಮ್ಮನಿಗೆ ಎಲ್ಲವನ್ನೂ ಹೇಳಿದ. ಅವಳಿಗೆ ಈ ಸಂಗತಿಯೇ ಗೊತ್ತಿರಲಿಲ್ಲ.

"ದಿನಾ ಸಂಜೆ ಗಂಟಲು ಕಟ್ಕೊಂಡು ಬರೋರು," ಎಂದಳು ರುದ್ರಮ್ಮ. "ಯಾಕೆ ಅಂದ್ರೆ ಧೂಳು ಅನ್ನೋರು. ನಾನು ಬಿಸಿನೀರು ಕಾಯ್ಸಿ ಕೊಡ್ತಿದ್ದೆ ಕಣಣ್ಣ."

ಭೀಮರಾಜನಿಗೆ ಅವಳ ಮುಖ ಸರಿಯಾಗಿ ಕಾಣಲಿಲ್ಲ. ಅವಳು ಅಳುತ್ತಿದ್ದಾಳೆಂದು ಮಂಜುಳಾ ಅವನ ಕೈ ಅದುಮಿದಾಗ ತಿಳಿಯಿತು.